ಕೀನ್ಯಾಕ್ಕೆ ಹೊರಟಿದ್ದೀರಾ? ನನ್ನ ಹಾಗೆ ಸ್ವೆಟರ್ ಬಿಟ್ಟು ಹೋಗಬೇಡಿ

ವಾಪಸ್ ಬಂದು ಮೂರು ವಾರ ಆಯಿತು, ಕೋಪ ಇನ್ನೂ ಇಳಿದಿಲ್ಲ. ನಾಚಿಕೆಯೂ ಇದೆ, ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ಆದರೆ ನಿನ್ನೆ ಪರಿಚಯದವರೊಬ್ಬರು ಫೋನ್ ಮಾಡಿದರು. ಮುಂದಿನ ಜುಲೈಗೆ ಕೀನ್ಯಾ ಸಫಾರಿ ಬುಕ್ ಮಾಡುತ್ತಿದ್ದಾರಂತೆ. "ಅಲ್ಲಿ ಸಿಕ್ಕಾಪಟ್ಟೆ ಸೆಕೆ ಅಲ್ವಾ, ಕಾಟನ್ ಬಟ್ಟೆ ಸಾಕಲ್ವಾ?" ಅಂತ ಕೇಳಿದರು. ಯಾರು ಹೇಳಿದ್ದು ಅಂದೆ. ಏನೇನು ತರಬೇಕು ಅಂತ ಟೂರ್ ಕಂಪನಿ ಕಳಿಸಿದ ಪಟ್ಟಿಯನ್ನು ನನಗೆ ಕಳಿಸಿದರು. ನನಗೆ ಬಂದಿದ್ದ ಅದೇ ಪಟ್ಟಿ! ಅದೇ ಸೂರ್ಯನ ಚಿತ್ರ, ಅದೇ 15 ಕೆಜಿ. ಇನ್ನು ಸುಮ್ನಿದ್ದರೆ ತಪ್ಪು ಅನ್ನಿಸಿತು.

ನಾವು ಹೋಗಿದ್ದು ಎಂಟು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ, ತಂಗಿ, ಅವಳ ಗಂಡ, ಮಗಳು. ಕಂಪನಿ ಕೀನ್ಯಾದ ರಾಜಧಾನಿ ನೈರೋಬಿಯದು. ಎಲ್ಲ ಮಾತುಕತೆ ವಾಟ್ಸಾಪ್‌ನಲ್ಲಿ. ಅರ್ಧ ಹಣ ಮುಂಗಡ, ಡಾಲರ್‌ನಲ್ಲಿ. ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಹಣ ಹೋಗುವವರೆಗೆ ಎರಡು ನಿಮಿಷಕ್ಕೆ ಉತ್ತರ, ಹೋದ ಮೇಲೆ ಎರಡು ದಿನಕ್ಕೆ ಒಂದು.

ಪಟ್ಟಿಯಲ್ಲಿ ಇದ್ದದ್ದು ಇಷ್ಟು. ತೆಳುವಾದ ಕಾಟನ್ ಬಟ್ಟೆ, ಅಗಲ ಅಂಚಿನ ಟೋಪಿ, ಕೂಲಿಂಗ್ ಗ್ಲಾಸ್, ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್. ಕೆಳಗೆ ದಪ್ಪ ಅಕ್ಷರದಲ್ಲಿ, ತಲಾ 15 ಕೆಜಿ, ಮೆತ್ತನೆಯ ಬ್ಯಾಗ್ ಮಾತ್ರ. ನಾನು ಕೇಳಿದೆ, ಅಲ್ಲಿ ಬಿಸಿಲು ಜಾಸ್ತಿನಾ? ಉತ್ತರ ಬಂತು: "ಯೆಸ್ ಸರ್, ಆಫ್ರಿಕನ್ ಸನ್ ಸರ್, ವೆರಿ ಸ್ಟ್ರಾಂಗ್." ನಾನು ಅದನ್ನು ಮನೆಯವರಿಗೆಲ್ಲ ಓದಿ ಹೇಳಿದೆ, ದೊಡ್ಡ ಜ್ಞಾನಿ ಹಾಗೆ.

ಅಮ್ಮ ಎರಡು ಸ್ವೆಟರ್, ಒಂದು ಶಾಲು, ಮಂಕಿ ಟೋಪಿ ಹಾಕಿಟ್ಟಿದ್ದಳು. 15 ಕೆಜಿ ದಾಟುತ್ತೆ ಅಂತ ನಾನೇ ತೆಗೆದೆ. "ಅಮ್ಮಾ, ಭೂಮಧ್ಯರೇಖೆಗೆ ಹೋಗ್ತಿರೋದು, ಬದರಿನಾಥಕ್ಕಲ್ಲ" ಅಂದೆ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆ ನಗು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹೊರಡುವ ಮೊದಲೇ ಒಂದು ಸೂಚನೆ ಸಿಕ್ಕಿತ್ತು, ನಾನು ಗಮನಿಸಲಿಲ್ಲ. ಹಳದಿ ಜ್ವರದ ಲಸಿಕೆ ಬೇಕಾ ಅಂತ ಕೇಳಿದ್ದಕ್ಕೆ "ನೀವು ಇಂಡಿಯಾದಿಂದ ಬರ್ತೀರಲ್ಲ ಸರ್, ಇಲ್ಲಿ ಕೇಳಲ್ಲ" ಅಂದಿದ್ದರು. ಸರಿ, ಅಲ್ಲಿ ಕೇಳಲ್ಲ. ಆದರೆ ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ದೇಶದಲ್ಲಿ ಕೇಳುತ್ತಾರೆ! ಲಸಿಕೆ ಹಾಕಿಸಿದ್ದಕ್ಕೆ ಸರ್ಟಿಫಿಕೇಟ್ ಆಗಿ ಕೊಡುವ ಹಳದಿ ಪುಸ್ತಕ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿದ 10 ದಿನದ ನಂತರವೇ ಆ ಸರ್ಟಿಫಿಕೇಟ್‌ಗೆ ಬೆಲೆ. ಸರ್ಕಾರ ಒಪ್ಪಿದ ಕೆಲವೇ ಕೇಂದ್ರಗಳಲ್ಲಿ ಮಾತ್ರ ಅದನ್ನು ಹಾಕುತ್ತಾರೆ. ನಂಟರಲ್ಲಿ ಒಬ್ಬ ಡಾಕ್ಟರ್ ಇದ್ದುದರಿಂದ ಬಚಾವಾದೆವು. ಕೇಳಿದಷ್ಟಕ್ಕೆ ಮಾತ್ರ ಬಾಯಿ ಬಿಡುವ ಜನ ಇವರು ಅಂತ ನನಗೆ ಅವತ್ತೇ ಗೊತ್ತಾಗಬೇಕಿತ್ತು.

ನೈರೋಬಿಯಲ್ಲಿ ಇಳಿದದ್ದು ರಾತ್ರಿ. ಏರ್‌ಪೋರ್ಟ್ ಬಾಗಿಲು ದಾಟಿದ ಕೂಡಲೇ ಚಳಿ. ಅಲ್ಲಿನವರೆಲ್ಲ ದಪ್ಪ ಜಾಕೆಟ್ ಹಾಕಿದ್ದಾರೆ. ನಾವು ಎಂಟು ಜನ ಹೂವಿನ ಶರ್ಟು, ಅರ್ಧ ಚಡ್ಡಿ, ಚಪ್ಪಲಿ. ಡ್ರೈವರ್ ನಮ್ಮನ್ನು ನೋಡಿ "ಬರಿದಿ ಸಾನಾ" ಅಂದ. ಸ್ವಾಹಿಲಿಯಲ್ಲಿ "ತುಂಬಾ ಚಳಿ" ಅಂತ. ಆ ದೇಶದಲ್ಲಿ ನಾನು ಮೊದಲು ಕಲಿತ ಮಾತು ಅದೇ. ಜಾಂಬೋ, ಅಂದರೆ ನಮಸ್ಕಾರ, ಕೂಡ ಆಮೇಲೆ.

ಈಗ ಓದಿಕೊಂಡಿದ್ದೇನೆ, ಹೇಳುತ್ತೇನೆ. ನೈರೋಬಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ. ಬೆಂಗಳೂರಿನ ಹತ್ತಿರ ಹತ್ತಿರ ಎರಡರಷ್ಟು. ಭೂಮಧ್ಯರೇಖೆಯಿಂದ ಸ್ವಲ್ಪ ದಕ್ಷಿಣಕ್ಕೆ ಇರುವುದರಿಂದ ಜೂನ್, ಜುಲೈ, ಆಗಸ್ಟ್ ಅವರಿಗೆ ಚಳಿಗಾಲ. ದಿನವಿಡೀ ಮೋಡ, ರಾತ್ರಿ 11–12 ಡಿಗ್ರಿ. ಅದೇ ದೇಶದಲ್ಲಿ 5,199 ಮೀಟರ್ ಎತ್ತರದ ಮೌಂಟ್ ಕೀನ್ಯಾ ಇದೆ, ಭೂಮಧ್ಯರೇಖೆಯ ಪಕ್ಕದಲ್ಲೇ ಮಂಜುಗಡ್ಡೆ. ಉತ್ತರದ ತುರ್ಕಾನಾ ಕಡೆ ಮರುಭೂಮಿ, ಪೂರ್ವದಲ್ಲಿ ಮೊಂಬಾಸಾ ಸಮುದ್ರ, ಸೆಕೆ. ಇದೆಲ್ಲ ಹೈಸ್ಕೂಲ್ ಭೂಗೋಳ. ನಾನು ಪುಸ್ತಕ ತೆರೆಯಲಿಲ್ಲ, ಡಾಲರ್ ತೆಗೆದುಕೊಂಡವನನ್ನು ನಂಬಿದೆ.

ಮರುದಿನ ವ್ಯಾನಿನಲ್ಲಿ ಮಸಾಯಿ ಮಾರಾ ಅನ್ನುವ ವನ್ಯಧಾಮದ ಕಡೆ. ದಾರಿಯಲ್ಲಿ ರಿಫ್ಟ್ ಕಣಿವೆ ನೋಡುವ ಜಾಗದಲ್ಲಿ ಇಳಿದೆವು. ಗಾಳಿ ಅಂದರೆ ಗಾಳಿ. ಎರಡು ನಿಮಿಷ ನಿಂತು ವ್ಯಾನಿಗೆ ಓಡಿದೆವು. ಅಲ್ಲಿನ ಅಂಗಡಿಗಳಲ್ಲಿ ಮಸಾಯಿ ಬುಡಕಟ್ಟಿನವರ ಕೆಂಪು ಶುಕಾ, ಅಂದರೆ ಹೊದಿಕೆ, ಸಾಲಾಗಿ ತೂಗುತ್ತಿತ್ತು. ಕೊಳ್ಳಲಿಲ್ಲ. ಮುಂದೆ ಬಿಸಿಲು ಬರುತ್ತೆ ಅಂತ ನಾನು!

ಮಾರಾದ ಮೊದಲ ಬೆಳಗ್ಗೆ, ಆರು ಗಂಟೆ. ಸಫಾರಿ ವ್ಯಾನಿನ ಛಾವಣಿ ಮೇಲಕ್ಕೆ ಎದ್ದು ನಿಲ್ಲುತ್ತದೆ, ಪ್ರಾಣಿ ನೋಡಲು ನಾವು ನಿಂತುಕೊಳ್ಳಬೇಕು. ಆ ತೆರೆದ ಜಾಗದಿಂದ ಗಾಳಿ ಚಾಕುವಿನ ಹಾಗೆ ನುಗ್ಗುತ್ತದೆ. ತಂಗಿ ಮಗಳು ಅಳಲು ಶುರು ಮಾಡಿದಳು. ಮಕ್ಕಳ ತುಟಿ ಬಣ್ಣ ಬದಲಾಗಿತ್ತು. ಅಮ್ಮ ಸೀರೆ ಸೆರಗು ತಲೆಗೆ ಸುತ್ತಿಕೊಂಡು ಕೂತಿದ್ದಳು, ನನ್ನ ಕಡೆ ನೋಡಲಿಲ್ಲ.

ಡ್ರೈವರ್ ಗಾಡಿ ನಿಲ್ಲಿಸಿದ. ಹಿಂದೆ ಹೋಗಿ ಡಿಕ್ಕಿ ತೆಗೆದ. ಒಂದು ದೊಡ್ಡ ಗೋಣಿಚೀಲ. ಒಳಗೆ ಜಾಕೆಟ್‌ಗಳು. ಎಲ್ಲ ಅಳತೆಯವು, ಮಕ್ಕಳದ್ದೂ ಇತ್ತು! "ಆಫೀಸಿನವರು ಕೊಟ್ಟು ಕಳಿಸಿದ್ದು. ಒಂದಕ್ಕೆ 40 ಡಾಲರ್" ಅಂದ. ಮುಖ ಕೆಳಗೆ ಹಾಕಿಕೊಂಡು ಅಂದ.

ಯೋಚನೆ ಮಾಡಿ. ಸುತ್ತ ಹುಲ್ಲು, ದೂರದಲ್ಲಿ ಸಿಂಹ, ಅಂಗಡಿ ಇಲ್ಲ, ಮಕ್ಕಳು ನಡುಗುತ್ತಿದ್ದಾರೆ. ಚೌಕಾಸಿ ಮಾಡುವ ಜಾಗವಾ ಅದು? ಆರು ತೆಗೆದುಕೊಂಡೆ. 240 ಡಾಲರ್. ನನಗೂ ಭಾವನಿಗೂ ಕೊಳ್ಳಲಿಲ್ಲ, ಟವೆಲ್ ಸುತ್ತಿಕೊಂಡು ಸಿಂಹ ನೋಡಿದೆವು.

ಆ ಹೊತ್ತಿನಲ್ಲೂ ನನಗೆ ಅನುಮಾನ ಬರಲಿಲ್ಲ ಗೊತ್ತಾ? ಪಾಪ, ಮುಂದಾಲೋಚನೆಯಿಂದ ಇಟ್ಟುಕೊಂಡಿದ್ದಾರೆ ಅಂದುಕೊಂಡೆ. ಹೆಂಡತಿಗೆ ಹೇಳಿದೆ ಕೂಡ, "ಒಳ್ಳೆ ಸರ್ವಿಸ್" ಅಂತ. ಒಳ್ಳೆ ಸರ್ವಿಸ್!

ರಾತ್ರಿ ಊಟದ ಡೇರೆಯಲ್ಲಿ ಯುರೋಪಿನ ಇಬ್ಬರು ಗಂಡ ಹೆಂಡತಿ ಸಿಕ್ಕರು. ಅದೇ ಕಂಪನಿ, ಬೇರೆ ವ್ಯಾನ್. ಇಬ್ಬರೂ ಬೆಚ್ಚಗೆ ಉಣ್ಣೆ ಟೋಪಿ ಹಾಕಿಕೊಂಡು ಸೂಪ್ ಕುಡಿಯುತ್ತಿದ್ದರು. ನಿಮಗೆ ಹೇಗೆ ಗೊತ್ತಾಯಿತು ಅಂದೆ. ಆಕೆ ಆಶ್ಚರ್ಯದಿಂದ ಫೋನ್ ತೆಗೆದು ತೋರಿಸಿದಳು. ಕಂಪನಿಯವರೇ ಕಳಿಸಿದ ಪಟ್ಟಿ. ಮೇಲೆ ಅದೇ ಸೂರ್ಯನ ಚಿತ್ರ. ಕೆಳಗೆ ಗಾಳಿ ತಡೆಯುವ ಜಾಕೆಟ್, ಫ್ಲೀಸ್, ಉಣ್ಣೆ ಟೋಪಿ, ಬೆಳಗಿನ ಸಫಾರಿಗೆ ಕೈಗವಸು. ಪಾರ್ಕಿನೊಳಗೆ ಪ್ಲಾಸ್ಟಿಕ್ ಬಾಟಲಿ ನಿಷೇಧ, ಸ್ಟೀಲ್ ಬಾಟಲಿ ತನ್ನಿ ಅಂತಲೂ ಇತ್ತು. 15 ಕೆಜಿ ಮಾತೇ ಇಲ್ಲ.

ಎರಡು ಪಟ್ಟಿ. ಒಂದೇ ಕಂಪನಿ, ಒಂದೇ ತಿಂಗಳು, ಒಂದೇ ಕ್ಯಾಂಪ್, ಎರಡು ಪಟ್ಟಿ. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಊಟ ಸೇರಲಿಲ್ಲ.

ಆ 15 ಕೆಜಿ ವಿಷಯವೂ ಅಲ್ಲೇ ಬಯಲಾಯಿತು. ಅದು ನೈರೋಬಿಯ ವಿಲ್ಸನ್ ಏರ್‌ಪೋರ್ಟ್‌ನಿಂದ ಮಾರಾಕ್ಕೆ ಹಾರುವ ಪುಟ್ಟ ವಿಮಾನಗಳ ನಿಯಮ. ನಾವು ಹೋಗಿದ್ದು ವ್ಯಾನಿನಲ್ಲಿ! ವ್ಯಾನಿನ ಹಿಂದೆ ಇನ್ನೊಂದು ಮನೆ ಸಾಮಾನು ಹಿಡಿಯುವಷ್ಟು ಜಾಗ ಇತ್ತು. ಆ ಜಾಗದಲ್ಲೇ ಅವರ ಗೋಣಿಚೀಲ ಇದ್ದದ್ದು.

ಅಲ್ಲಿಂದಲೇ ಮೆಸೇಜ್ ಹಾಕಿದೆ. ಉತ್ತರಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಒಂದಕ್ಷರ ಸೇರಿಸಿಲ್ಲ.

"ಹವಾಮಾನ ನಮ್ಮ ಕೈಯಲ್ಲಿ ಇಲ್ಲ ಸರ್."

ಪಟ್ಟಿ ನಿಮ್ಮ ಕೈಯಲ್ಲಿ ಇತ್ತಲ್ಲ ಅಂದೆ.

"ಅದು ಬೇಸಿಗೆ ಪಟ್ಟಿ ಸರ್, ತಪ್ಪಿ ಬಂದಿರಬಹುದು."

ಹಾಗಾದರೆ ಗೋಣಿಚೀಲವೂ ತಪ್ಪಿ ಬಂತಾ? ಮಕ್ಕಳ ಅಳತೆಯೂ ತಪ್ಪಿ ಬಂತಾ? ಒಂದು ದಿನ ಉತ್ತರವಿಲ್ಲ. ಆಮೇಲೆ ಬಂತು ನೋಡಿ:

"ಸರ್, ನೀವು ಬಿಸಿಲು ಇದೆಯಾ ಅಂತ ಕೇಳಿದ್ದಿರಿ. ಬಿಸಿಲು ಇದೆ. ಚಳಿ ಇದೆಯಾ ಅಂತ ನೀವು ಕೇಳಲಿಲ್ಲ."

ಇದು ನನ್ನನ್ನು ಸುಟ್ಟಿತು, ಯಾಕಂದರೆ ನಿಜ. ಹಳೆ ಮೆಸೇಜ್ ತೆಗೆದು ನೋಡಿದೆ. ನಾನು ಕೇಳಿರಲಿಲ್ಲ. ಮಧ್ಯಾಹ್ನ ಬಿಸಿಲು ಇತ್ತು ಕೂಡ, ಮೂಗಿನ ಚರ್ಮ ಸುಲಿದಿತ್ತು.

ಇನ್ನೂ ಇದೆ. ಆ ಜಾಕೆಟ್‌ಗಳೆಲ್ಲ ಕಡು ನೀಲಿ. ಅಲ್ಲಿನ ಕಚ್ಚುವ ತ್ಸೆತ್ಸೆ ನೊಣಕ್ಕೆ ನೀಲಿ ಮತ್ತು ಕಪ್ಪು ಅಂದರೆ ಪ್ರೀತಿ, ಅದನ್ನು ಹಿಡಿಯುವ ಬಲೆಗೇ ಆ ಬಣ್ಣದ ಬಟ್ಟೆ ಕಟ್ಟುತ್ತಾರೆ. ನದಿ ಪಕ್ಕದ ಪೊದೆಗಳಲ್ಲಿ ಹೆಂಡತಿಗೆ ನಾಲ್ಕು ಕಡೆ ಕಚ್ಚಿತು. ಸಫಾರಿಗೆ ಖಾಕಿ, ಕಂದು ಬಣ್ಣ ಹಾಕಿ ಅನ್ನುವುದು ಸುಮ್ನೆ ಸ್ಟೈಲ್‌ಗೆ ಅಲ್ಲ.

ಡ್ರೈವರ್ ಮೇಲೆ ನನಗೆ ಸಿಟ್ಟಿಲ್ಲ. ಎರಡನೇ ದಿನ ಅವನೇ ತನ್ನ ಶುಕಾ ತೆಗೆದು ಅಮ್ಮನಿಗೆ ಹೊದಿಸಿ "ಪೋಲೆ, ಮಾಮಾ" ಅಂದ. ಕ್ಷಮಿಸಿ ಅಮ್ಮಾ ಅಂತ. ದುಡ್ಡು ಕೇಳಲಿಲ್ಲ.

ನೈರೋಬಿಗೆ ಮರಳಿದ ಮೇಲೆ ಟ್ಯಾಕ್ಸಿಯವನೊಬ್ಬ ಜಾಕೆಟ್ ನೋಡಿ "ಮಿತುಂಬಾ!" ಅಂತ ನಕ್ಕ. ಮಿತುಂಬಾ ಅಂದರೆ ಹೊರದೇಶಗಳಿಂದ ಮೂಟೆಯಲ್ಲಿ ಬರುವ ಹಳೇ ಬಟ್ಟೆ. ಗಿಕೊಂಬಾ ಅನ್ನುವ ದೊಡ್ಡ ಮಾರ್ಕೆಟ್ಟೇ ಇದೆ ಅದಕ್ಕೆ. ರಸ್ತೆ ಬದಿಯ ಗಾಡಿಯಲ್ಲಿ ಅಂಥದ್ದೇ ಜಾಕೆಟ್ ಕೇಳಿದೆ, ಅಲ್ಲಿನ ದುಡ್ಡಿನಲ್ಲಿ 400 ಶಿಲ್ಲಿಂಗ್. ನಾನು ಕೊಟ್ಟ 40 ಡಾಲರ್ ಅಂದರೆ 5,000 ಶಿಲ್ಲಿಂಗ್‌ಗೂ ಜಾಸ್ತಿ. ಯಾರೋ ಉಟ್ಟು ಬಿಟ್ಟ ಬಟ್ಟೆಗೆ!

ಅಲ್ಲಿಂದ ಮೊಂಬಾಸಾಕ್ಕೆ ರೈಲು. ಐದು ಗಂಟೆ ಚಿಲ್ಲರೆಯಲ್ಲಿ ಎತ್ತರದಿಂದ ಸಮುದ್ರಕ್ಕೆ ಇಳಿಯುತ್ತದೆ. ಹತ್ತುವಾಗ ಜಾಕೆಟ್, ಇಳಿಯುವಾಗ ಬೆವರು. ಮಂಗಳೂರಿನ ಸೆಕೆಯೇ. ಅಲ್ಲಿ ನನ್ನ ಹೂವಿನ ಶರ್ಟಿಗೆ ಕೊನೆಗೂ ಬೆಲೆ ಬಂತು.

ಹೋಗುವವರು ಇಷ್ಟು ಮಾಡಿ. ಪ್ರತಿ ಊರಿನ ಎತ್ತರ ಮತ್ತು ಆ ತಿಂಗಳ ರಾತ್ರಿ ತಾಪಮಾನ ನೀವೇ ನೋಡಿ, ಕಂಪನಿಯನ್ನು ಕೇಳಬೇಡಿ. ಕೇಳಿದರೆ ಚಳಿ, ಮಳೆ, ಬಿಸಿಲು ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ದೊಡ್ಡ ಮಳೆ ಮಾರ್ಚ್‌ನಿಂದ ಮೇ, ಸಣ್ಣ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ಬಟ್ಟೆ ಪದರ ಪದರವಾಗಿ ಒಯ್ಯಿರಿ, ಹತ್ತು ಗಂಟೆಗೆ ಬಿಚ್ಚುವ ಹಾಗೆ. ಪ್ಲಾಸ್ಟಿಕ್ ಕವರ್ ಮನೆಯಲ್ಲೇ ಬಿಡಿ, 2017ರಿಂದ ಅಲ್ಲಿ ನಿಷೇಧ. ಮಲೇರಿಯಾ ಮಾತ್ರೆ ವಿಷಯ ಡಾಕ್ಟರ್ ಹತ್ತಿರ ಮಾತಾಡಿ, ಮಾರಾದಲ್ಲೂ ಕರಾವಳಿಯಲ್ಲೂ ಅದು ಇದೆ. ಮತ್ತೆ, ಅಮ್ಮ ಸ್ವೆಟರ್ ಹಾಕಿದರೆ ಬಾಯಿ ಮುಚ್ಚಿಕೊಂಡು ಜಿಪ್ ಎಳೆಯಿರಿ.

240 ಡಾಲರ್ ವಾಪಸ್ ಬಂದಿಲ್ಲ. ಮುಂದಿನ ಟ್ರಿಪ್‌ಗೆ ರಿಯಾಯಿತಿ ಕೊಡುತ್ತಾರಂತೆ, ಐದು ಸ್ಟಾರ್ ಹಾಕಿದರೆ. ಅಮ್ಮ ಮಾತ್ರ ಆ ನೀಲಿ ಜಾಕೆಟ್ ಹಾಕಿಕೊಂಡೇ ಬೆಳಗ್ಗೆ ಹಾಲು ತರಲು ಹೋಗುತ್ತಾಳೆ. ಬೇಡ ಬಿಸಾಡು ಅಂದರೆ, "ಐದು ಸಾವಿರ ಶಿಲ್ಲಿಂಗ್ ಕೊಟ್ಟಿದೀಯಲ್ಲೋ" ಅನ್ನುತ್ತಾಳೆ.