ನಿಧಾನಕ್ಕೆ ನಡೆಯೋ ಪೊಲೀಸ್: ‘ರೋಬೋಕಾಪ್: ರೋಗ್ ಸಿಟಿ’ ಬಗ್ಗೆ

ಶೂಟಿಂಗ್ ಗೇಮ್‌ನಲ್ಲಿ ಪಾರ್ಕಿಂಗ್ ದಂಡ ಹಾಕೋ ಕೆಲಸ ಕೊಟ್ಟರೆ ಯಾರು ಆಡ್ತಾರೆ? ನಾನು ಆಡಿದ್ದೇನೆ, ಈಗಲೂ ಆಡುತ್ತೇನೆ. 2023ರ ನವೆಂಬರ್‌ನಲ್ಲಿ ಬಂದ ಈ ಗೇಮ್, ಅಂದರೆ ಅರ್ಧ ಮನುಷ್ಯ ಅರ್ಧ ಯಂತ್ರವಾದ ಪೊಲೀಸ್ ರೋಬೋಕಾಪ್ ಆಗಿ ಆಡೋದು, ನನ್ನ ಕಂಪ್ಯೂಟರ್‌ನಲ್ಲಿ ಹಾಗೇ ಉಳಿದಿದೆ. ಜಾಗ ಸಾಲದೆ ಡಿಲೀಟ್ ಆದದ್ದೆಲ್ಲ ಇದಕ್ಕಿಂತ ದೊಡ್ಡ ಹೆಸರಿನವು.

ಮಾಡಿದವರು ಪೋಲೆಂಡಿನ ಟೇಯಾನ್ ಕಂಪನಿ. 2014ರಲ್ಲಿ ಇವರು ಮಾಡಿದ ರ‍್ಯಾಂಬೋ ಗೇಮ್‌ಗೆ ವಿಮರ್ಶಕರು ಚೆನ್ನಾಗಿ ಬೈದಿದ್ದರು. 2019ರ ಟರ್ಮಿನೇಟರ್ ಗೇಮ್‌ಗೂ ಅಂಕ ಕಮ್ಮಿಯೇ, ಆದರೆ ಆಡಿದವರಿಗೆ ಇಷ್ಟವಾಯಿತು. ಇದರ ಕಥೆಯೂ ಅದೇ. ವಿಮರ್ಶಕರ ಸರಾಸರಿ ನೂರಕ್ಕೆ 70ರ ಆಸುಪಾಸು. ಗೇಮ್ ಮಾರೋ ಸ್ಟೀಮ್ ತಾಣದಲ್ಲಿ ಆಡಿದವರ ಅಭಿಪ್ರಾಯ ನೋಡಿದರೆ ಮೆಚ್ಚಿದವರೇ ಬಹಳ ಜಾಸ್ತಿ.

ನಿಧಾನ ಅನ್ನೋದು ದೊಡ್ಡ ದೂರು. ನನ್ನ ಅಕ್ಕನ ಮಗನೂ ಮೊದಲ ದಿನವೇ ಕೇಳಿದ, “ಮಾವ, ಇವನು ಓಡೋದೇ ಇಲ್ವಾ?” ಇಲ್ಲ ಕಣೋ, ಮೈಯೆಲ್ಲಾ ಲೋಹ! ಅವಿತುಕೊಳ್ಳೋ ಅಗತ್ಯವೂ ಇಲ್ಲ. ಗುಂಡು ಟಣ್ ಟಣ್ ಅಂತ ಬಡಿಯುತ್ತಿದ್ದರೂ ನೆಟ್ಟಗೆ ನಡೆದು ಹೋಗಬಹುದು. ಆಟೋ-9 ಪಿಸ್ತೂಲಿಗೆ ಗುಂಡು ಮುಗಿಯೋದೇ ಇಲ್ಲ. ಬೇಜಾರಾದರೆ ಮೇಜಿನ ಮೇಲಿನ ಹಳೇ ಮಾನಿಟರ್ ಎತ್ತಿ ಒಬ್ಬನ ತಲೆಗೆ ಎಸೆಯಿರಿ. ಇದರ ಮೇಲೆ, 1987ರ ‘ರೋಬೋಕಾಪ್’ ಸಿನಿಮಾದ ನಟ ಪೀಟರ್ ವೆಲ್ಲರ್ ಅವರೇ ಇವನಿಗೆ ದನಿ ಕೊಟ್ಟಿದ್ದಾರೆ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಗುಂಡಿನ ಕಾಳಗ ಅಲ್ಲ. ಠಾಣೆ. ಅಲ್ಲಿ ಕೌಂಟರ್‌ನಲ್ಲಿ ನಿಂತು ಜನರ ದೂರು ಕೇಳಬೇಕು. ಆಸ್ಪತ್ರೆಯಲ್ಲಿರುವ ಸಹೋದ್ಯೋಗಿಗೆ ಕಾರ್ಡ್ ಕೊಡಲು ಎಲ್ಲರ ಸಹಿ ಹಾಕಿಸಬೇಕು. ಬೀದಿಯಲ್ಲಿ ತಪ್ಪು ಮಾಡಿದವನಿಗೆ ದಂಡ ಹಾಕೋದಾ, ಎಚ್ಚರಿಕೆ ಕೊಟ್ಟು ಬಿಡೋದಾ ಅನ್ನೋದು ನಮ್ಮ ಇಷ್ಟ. ದಂಡ ಹಾಕಿದರೆ ಕಾನೂನು ಗೆಲ್ಲುತ್ತದೆ, ಬಿಟ್ಟರೆ ಜನರ ನಂಬಿಕೆ. ದೇವರಾಜ ಅರಸು ರಸ್ತೆಯಲ್ಲಿ ಸಂಜೆ ಹೊತ್ತು ಸ್ಕೂಟರ್‌ಗೆ ಜಾಗ ಹುಡುಕುವ ನನ್ನಂಥವನು ಯಾರಿಗೂ ಸುಮ್ನೆ ದಂಡ ಹಾಕಲ್ಲ, ಬಿಡಿ. ಇದನ್ನೆಲ್ಲ ಟೈಮ್‌ಪಾಸ್ ಅಂತ ಬರೆದ ವಿಮರ್ಶಕರು ಗೇಮ್‌ನ ಅರ್ಧ ಭಾಗವನ್ನೇ ನೋಡಿಲ್ಲ ಅನಿಸುತ್ತದೆ.

ಉಳಿದ ದೂರುಗಳು ಮಾತ್ರ ನಿಜ. ಮಾತಾಡುವಾಗ ಮುಖಗಳು ಗೊಂಬೆ ಥರ. ವೈರಿಗಳಿಗೆ ಬುದ್ಧಿ ಅಷ್ಟಕ್ಕಷ್ಟೇ. ಪಿಸ್ತೂಲಿನ ಬಲ ಹೆಚ್ಚಿಸೋ ಒಳ್ಳೆಯ ಸರ್ಕ್ಯೂಟ್ ಬೋರ್ಡ್ ಹಾಕಿ ಚಿಪ್‌ಗಳನ್ನು ಸರಿಯಾಗಿ ಜೋಡಿಸಿದರೆ ನಡುವೆ ನಿಲ್ಲಿಸಿ ಗುಂಡು ತುಂಬೋದೂ (ರೀಲೋಡ್) ಬೇಕಿಲ್ಲ. ಅಲ್ಲಿಂದಾಚೆ ಆಟ ತೀರಾ ಸುಲಭ. ಆಮೇಲೆ ಅಪ್‌ಡೇಟ್‌ನಲ್ಲಿ ಬಂದ ‘ನ್ಯೂ ಗೇಮ್ ಪ್ಲಸ್’ (ಗಳಿಸಿದ್ದನ್ನು ಇಟ್ಟುಕೊಂಡು ಮೊದಲಿಂದ ಮತ್ತೆ ಆಡೋದು) ಹೊಸ ಕಥೆಗೆ ಅಂತ ಅಲ್ಲ, ಪಿಸ್ತೂಲಿನ ಮಜಾಕ್ಕೆ.

ಗ್ರಾಫಿಕ್ಸ್ ಅನ್‌ರಿಯಲ್ ಎಂಜಿನ್ 5 ಅನ್ನೋ ಗೇಮ್ ತಯಾರಿಸೋ ಸಾಫ್ಟ್‌ವೇರಿನದ್ದು, ಕಂಪ್ಯೂಟರಿಗೆ ಭಾರ. ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದವರು ನೆರಳಿನ ಸೆಟ್ಟಿಂಗ್ ಇಳಿಸಿಕೊಳ್ಳಿ. ಏಪ್ರಿಲ್ ಬಿಸಿಲಲ್ಲಿ ನನ್ನ ಸಿಪಿಯು ಫ್ಯಾನ್ ಸದ್ದಿಗೆ ಅಮ್ಮ ಪಕ್ಕದ ರೂಮಿಂದ ಗದರಿದ್ದೂ ಉಂಟು.

2025ರ ಜುಲೈನಲ್ಲಿ ‘ಅನ್‌ಫಿನಿಶ್ಡ್ ಬಿಸಿನೆಸ್’ ಅಂತ ಇನ್ನೊಂದು ಬಂತು. ಅದನ್ನು ಆಡಲು ಮೊದಲನೆಯದು ಇರಲೇಬೇಕು ಅಂತೇನಿಲ್ಲ. ಒಂದೇ ದೊಡ್ಡ ಕಟ್ಟಡ, ಮಹಡಿ ಮಹಡಿಗೂ ಗುಂಡಿನ ಕಾಳಗ, ಬೀದಿ ಸುತ್ತೋದು ಕಮ್ಮಿ. ಬರೀ ಶೂಟಿಂಗ್ ಬೇಕು ಅನ್ನೋರು ಅದನ್ನೇ ತಗೊಳ್ಳಿ. ನನಗೆ ಅದು ಬೇಗ ಸಾಕಾಯಿತು. ಮೊದಲನೆಯದನ್ನು ಸೇಲ್ ಬಂದಾಗ ಕೊಂಡರೆ ದುಡ್ಡಿಗೆ ಮೋಸವಿಲ್ಲ.