ಎಲ್‌ವೈ 556, ಎಚ್‌ವೈ 951: ತಕ್ಕಡಿ ಇದ್ದರೆ ಮಾತ್ರ ಕೊಳ್ಳಿ

ಕಾಲೇಜು ಲ್ಯಾಬ್‌ಗಳಲ್ಲಿ ಗ್ಲಾಸ್ ಫೈಬರ್ ಪ್ಲೇಟ್ ಮಾಡುವವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿ ಇದು: ಎಲ್‌ವೈ 556 ಎಪಾಕ್ಸಿ ರೆಸಿನ್ (ಅಂಟು), ಎಚ್‌ವೈ 951 ಅದನ್ನು ಗಟ್ಟಿಯಾಗಿಸುವ ಹಾರ್ಡನರ್. ಓವನ್ ಬೇಡ, ಕೋಣೆಯ ಉಷ್ಣತೆಯಲ್ಲೇ 24 ಗಂಟೆಯ ಹೊತ್ತಿಗೆ ಪ್ಲೇಟನ್ನು ಅಚ್ಚಿನಿಂದ ಬಿಡಿಸಬಹುದು. ಹ್ಯಾಂಡ್ ಲೇ-ಅಪ್‌ಗೆ, ಅಂದರೆ ಕೈಯಿಂದಲೇ ಬಟ್ಟೆಗೆ ರೆಸಿನ್ ಹಚ್ಚಿ ಪದರ ಕೂರಿಸುವುದಕ್ಕೆ, ಧಾರಾಳವಾಗಿ ಕೊಳ್ಳಿ. ವ್ಯಾಕ್ಯೂಮ್ ಇನ್‌ಫ್ಯೂಶನ್‌ಗೆ (ನಿರ್ವಾತದಿಂದ ರೆಸಿನನ್ನು ಬಟ್ಟೆಯೊಳಗೆ ಎಳೆಯುವುದು) ಬೇಡ: ರೆಸಿನ್ ಜೇನಿನಂತೆ ಮಂದ, ಬಟ್ಟೆಯೊಳಗೆ ಹರಿಯುವ ಮೊದಲೇ ಗಟ್ಟಿಯಾಗುತ್ತದೆ.

100 ಗ್ರಾಂ ರೆಸಿನ್‌ಗೆ 10 ಗ್ರಾಂ ಹಾರ್ಡನರ್. ಇದು ತೂಕದ ಲೆಕ್ಕ, ಬೀಕರಿನದಲ್ಲ. ರೆಸಿನ್ ಸಾಂದ್ರತೆ ಮಿಲಿಲೀಟರ್‌ಗೆ ಸುಮಾರು 1.17 ಗ್ರಾಂ, ಹಾರ್ಡನರ್‌ನದು 0.98. 10:1 ಅಂತ ಮಿಲಿಲೀಟರ್‌ನಲ್ಲಿ ಅಳೆದರೆ 100 ಗ್ರಾಂ ರೆಸಿನ್‌ಗೆ ಬೀಳುವ ಹಾರ್ಡನರ್ 8.4 ಗ್ರಾಂ ಮಾತ್ರ. ಪ್ಲೇಟ್ ಮೇಲ್ನೋಟಕ್ಕೆ ಒಣಗಿರುತ್ತದೆ, ಒಳಗೆ ಮೆದು. ‘ಇನ್ನೊಂಚೂರು ಹಾಕಿದರೆ ಬೇಗ ಒಣಗುತ್ತೆ’ ಅನ್ನುವುದೂ ತಪ್ಪೇ. ಹೆಚ್ಚಾದ ಹಾರ್ಡನರ್ ಬೆಸೆಯದೆ ಉಳಿಯುತ್ತದೆ.

300 ಮಿ.ಮೀ. ಚೌಕದ ಪ್ಲೇಟ್‌ಗೆ 200 ಜಿಎಸ್‌ಎಂ (ಚದರ ಮೀಟರ್‌ಗೆ 200 ಗ್ರಾಂ) ಗ್ಲಾಸ್ ಬಟ್ಟೆ 8 ಪದರ ಎಂದರೆ 144 ಗ್ರಾಂ. ಪೋಲಾಗುವುದೂ ಸೇರಿ ರೆಸಿನ್ 145, ಹಾರ್ಡನರ್ 14.5 ಗ್ರಾಂ ಸಾಕು. ದಪ್ಪ 2 ಮಿ.ಮೀ. ಆಸುಪಾಸು ಬರುತ್ತದೆ. ಎರಡು ಕಂತಿನಲ್ಲಿ ಕಲಸಿ. ಒಂದೇ ಕಪ್ಪಿನಲ್ಲಿ ರಾಶಿ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡಬಹುದು. ಮೂರು ನಿಮಿಷ ನಿಧಾನ ತಿರುವಿ, ಅಂಚು ಕೆರೆದು, ಅಗಲ ತಟ್ಟೆಗೆ ಸುರಿದುಕೊಳ್ಳಿ. ಕಲಬುರಗಿಯ ಬೇಸಿಗೆಯಲ್ಲಿ, ಕಲಸಿದ್ದು ಗಟ್ಟಿಯಾಗುವ ಮುಂಚೆ ಅರ್ಧ ಗಂಟೆಯೂ ಸಿಗುವ ಭರವಸೆ ಇಲ್ಲ. ತೆಳು ಮಾಡಲು ಅಸಿಟೋನ್ ಬೇಡವೇ ಬೇಡ, ಅದು ಒಳಗೇ ಉಳಿದು ಗುಳ್ಳೆಯಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮೇಲೆ ಮೇಣದಂಥ ಜಿಡ್ಡು ಕೂತರೆ ಬಿಸಿನೀರಲ್ಲಿ ತೊಳೆದು, ಉಜ್ಜಿದ ಮೇಲೆಯೇ ಟ್ಯಾಬ್ (ಪರೀಕ್ಷೆಯ ಪಟ್ಟಿಯ ತುದಿಗೆ ಹಿಡಿತಕ್ಕೆಂದು ಅಂಟಿಸುವ ತುಂಡು) ಅಂಟಿಸಿ. ಹಾರ್ಡನರ್ ಅಮೈನ್ (ಚರ್ಮ ಸುಡುವ ರಾಸಾಯನಿಕ) ಆದ್ದರಿಂದ ನೈಟ್ರೈಲ್ ಗ್ಲೌಸ್ ಕಡ್ಡಾಯ.

ಟೆನ್ಸೈಲ್ ಪರೀಕ್ಷೆಗೆ (ಎಳೆದು ಮುರಿಯುವುದು) ಎಎಸ್‌ಟಿಎಂ ಡಿ3039 ಎಂಬ ಮಾನದಂಡದಂತೆ 250×25 ಮಿ.ಮೀ. ನೇರ ಪಟ್ಟಿ, ನಿಮಿಷಕ್ಕೆ 2 ಮಿ.ಮೀ. ವೇಗ. ಪ್ಲಾಸ್ಟಿಕ್‌ಗೆ ಮಾಡುವ ಡಂಬೆಲ್ ಆಕಾರ ಇಲ್ಲಿ ಬೇಡ, ಬಾಗಿದ ಅಂಚಿನಲ್ಲಿ ಎಳೆಗಳೇ ತುಂಡಾಗಿರುತ್ತವೆ. ಕೊಯ್ಯಲು ನೀರು ಹಾಯಿಸಿದ ಡೈಮಂಡ್ ವ್ಹೀಲ್. ಯಂತ್ರದ ಗ್ರಿಪ್ (ಹಿಡಿತ) ಬಾಯಲ್ಲೇ ಮುರಿದ ಪಟ್ಟಿಯ ಅಂಕಿಯನ್ನು ನಂಬಬೇಡಿ. ಮಾಡ್ಯುಲಸ್ (ಬಿಗುವಿನ ಅಳತೆ) ನಿರೀಕ್ಷೆಗಿಂತ ತೀರಾ ಕಡಿಮೆ ಬಂದರೆ ರೆಸಿನ್ ಡಬ್ಬ ಬಯ್ಯುವ ಮುಂಚೆ ನೋಡಿ: ಸ್ಟ್ರೇನ್ (ಹಿಗ್ಗಿದ ಪ್ರಮಾಣ) ಅಳೆದದ್ದು ಪಟ್ಟಿಗೇ ಕಚ್ಚಿಸಿದ ಎಕ್ಸ್‌ಟೆನ್ಸೋಮೀಟರ್‌ನಿಂದಲೋ, ಯಂತ್ರದ ಕ್ರಾಸ್‌ಹೆಡ್ (ಗ್ರಿಪ್ ಎಳೆಯುವ ತೊಲೆ) ಚಲನೆಯಿಂದಲೋ? ಎರಡನೆಯದರಲ್ಲಿ ಗ್ರಿಪ್ ಜಾರಿದ್ದೂ ಲೆಕ್ಕಕ್ಕೆ ಸೇರಿರುತ್ತದೆ.