ಕಾರ್ಟಿಸೋಲ್ ಪರೀಕ್ಷೆ: ಕ್ಯಾನ್, ಜೊಲ್ಲು, ಮಾತ್ರೆ

ಮುಖ ದುಂಡಗಾಗಿತ್ತು, ಬಿಪಿ ಇಳಿಯುತ್ತಿರಲಿಲ್ಲ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು ಬೇರೆ. ಜಯನಗರದ ಹಾರ್ಮೋನ್ ಡಾಕ್ಟರು ಕುಶಿಂಗ್ ಸಿಂಡ್ರೋಮ್ ಇರಬಹುದು ಎಂದರು. ಮೈಯಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ಅಥವಾ ಅದರಂಥ ಸ್ಟೀರಾಯ್ಡ್ ಅತಿಯಾಗುವ ಕಾಯಿಲೆ ಅದು. ಮೊದಲು ವಿಚಾರಿಸಿದ್ದು ಸ್ಟೀರಾಯ್ಡ್ ಬಗ್ಗೆ: ಮಾತ್ರೆ, ಇನ್ಹೇಲರ್, ಮುಲಾಮು, ಮಂಡಿಗೆ ಇಂಜೆಕ್ಷನ್, ಯಾರೋ ಕೊಟ್ಟ ಪುಡಿ. ಈ ಕಾಯಿಲೆಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಅದೇ. ನಾನು ಅದ್ಯಾವುದನ್ನೂ ಮುಟ್ಟಿರಲಿಲ್ಲ.

ಬೆಳಿಗ್ಗೆ ಒಂದು ಸಲ ರಕ್ತ ಕೊಟ್ಟರೆ ಸಾಲದಾ ಅಂದೆ. ಸಾಲದಂತೆ. ಕಾರ್ಟಿಸೋಲ್ ಎಲ್ಲರಿಗೂ ಬೆಳಿಗ್ಗೆ ಜಾಸ್ತಿ, ನಡುರಾತ್ರಿ ತೀರಾ ಕಡಿಮೆ. ಇಳಿಯಬೇಕಾದ ಹೊತ್ತಿನಲ್ಲೂ ಇಳಿಯುತ್ತಿಲ್ಲವಾ ಅನ್ನುವುದೇ ಪ್ರಶ್ನೆ. ಅದಕ್ಕೆ ಮೂರು ದಾರಿ. ಮೂರನ್ನೂ ಮಾಡಿಸಿದ್ದೇನೆ.

ಕಷ್ಟದ್ದು 24 ಗಂಟೆಯ ಮೂತ್ರ. ಬೆಳಗಿನ ಮೊದಲನೆಯದನ್ನು ಚೆಲ್ಲಿ, ಮರುದಿನ ಬೆಳಗಿನ ಮೊದಲನೆಯದರವರೆಗೆ ಎಲ್ಲವನ್ನೂ ಕ್ಯಾನಿಗೆ ಹಿಡಿಯಬೇಕು, ತಣ್ಣಗಿಡಬೇಕು. ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಕ್ಯಾನ್ ಕಂಡ ಅಮ್ಮನ ಮುಖ ನೋಡಬೇಕಿತ್ತು! ಒಂದು ಸಲ ಹಿಡಿಯದೆ ಬಿಟ್ಟರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಆಫೀಸಿಗೆ ರಜೆ. ಸಾಲದ್ದಕ್ಕೆ ಇದನ್ನು ಕನಿಷ್ಠ ಎರಡು ಸಲ ಮಾಡಬೇಕು. ಲೀಟರ್‌ಗಟ್ಟಲೆ ನೀರು ಕುಡಿದರೆ ಅಂಕಿ ಏರಬಹುದು, ಕಿಡ್ನಿ ಸೋತಿದ್ದರೆ ಇಳಿಯಬಹುದು.

ಜೊಲ್ಲಿನದು ಆರಾಮ. ರಾತ್ರಿ 11ರಿಂದ 12ರೊಳಗೆ ಹತ್ತಿಯ ತುಂಡನ್ನು ಬಾಯಲ್ಲಿಟ್ಟು ನೆನೆಸಿ ಡಬ್ಬಿಗೆ ಹಾಕುವುದು, ಅಷ್ಟೇ. ಇದೂ ಎರಡು ರಾತ್ರಿ. ಅದಕ್ಕೆ ಮುಂಚೆ ತಿನ್ನಬಾರದು, ಹಲ್ಲುಜ್ಜಬಾರದು. ಒಸಡಿನ ರಕ್ತ ಬೆರೆತರೆ ಕೆಟ್ಟಿತು. ವೈಟ್‌ಫೀಲ್ಡ್ ಕಡೆ ನೈಟ್ ಶಿಫ್ಟ್ ಮಾಡುವವರಿಗೆ ಇದು ಬೇಡ. ಅವರ ಹಗಲು ರಾತ್ರಿಯೇ ತಲೆಕೆಳಗು, ಅಲ್ವಾ? ನಮ್ಮ ಮನೆ ಹತ್ತಿರದ ಲ್ಯಾಬ್‌ನಲ್ಲಂತೂ ಇದು ಇರಲೇ ಇಲ್ಲ.

ನನ್ನ ಓಟು ಮಾತ್ರೆಗೆ. ರಾತ್ರಿ 11ಕ್ಕೆ ಡೆಕ್ಸಾಮೆಥಾಸೋನ್ 1 ಮಿಲಿಗ್ರಾಂ ನುಂಗಿ, ಬೆಳಿಗ್ಗೆ 8ಕ್ಕೆ ರಕ್ತ ಕೊಡುವುದು. ಮಾತ್ರೆ ಬಲು ಅಗ್ಗ, ರಜೆಯೂ ಬೇಡ. ಈ ಮಾತ್ರೆ ಮೈಯೊಳಗಿನ ಕಾರ್ಟಿಸೋಲ್ ತಯಾರಿಯನ್ನು ತಗ್ಗಿಸುವ ಸ್ಟೀರಾಯ್ಡ್. ಹಾಗಾಗಿ ಆರೋಗ್ಯವಂತರಲ್ಲಿ ಕಾರ್ಟಿಸೋಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯುತ್ತದೆ. ಆದರೆ ಗರ್ಭನಿರೋಧಕ ಮಾತ್ರೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಟಿಬಿಯ ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ಸುಳ್ಳೇ ಜಾಸ್ತಿ ತೋರಿಸಬಹುದು. ಡಾಕ್ಟರಿಗೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಒಂದೇ ಪರೀಕ್ಷೆ ನಂಬಿ ಡಾಕ್ಟರು ತೀರ್ಮಾನಕ್ಕೆ ಬರುವುದಿಲ್ಲ. ನನಗೆ ಮಾತ್ರೆಯದೂ ಜೊಲ್ಲಿನದೂ ಜಾಸ್ತಿ ಬಂದ ಮೇಲೆ ಎಸಿಟಿಎಚ್ ರಕ್ತಪರೀಕ್ಷೆ ಬರೆದರು. ಕಾರ್ಟಿಸೋಲ್ ತಯಾರಿಸು ಎಂದು ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಗೆ ಹೇಳುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಈ ಎಸಿಟಿಎಚ್. ಅದು ತೀರಾ ಕಡಿಮೆಯಿದ್ದರೆ ಅಡ್ರಿನಲ್ ಗ್ರಂಥಿಯ ಸಿಟಿ, ಇಲ್ಲದಿದ್ದರೆ ಸಾಮಾನ್ಯವಾಗಿ ಪಿಟ್ಯುಟರಿಯ ಎಂಆರ್‌ಐ. ಎಸಿಟಿಎಚ್ ರಕ್ತ ಬೇಗ ಕೆಡುತ್ತದೆ, ಐಸ್‌ನಲ್ಲಿಡಬೇಕು. ಮನೆಗೆ ಬಂದು ರಕ್ತ ತೆಗೆದು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಯ್ಯುವವರಿಗೆ ಕೊಡದೆ, ಲ್ಯಾಬಿಗೇ ಹೋಗಿ ಕೊಟ್ಟು ಬಂದೆ.